ಹಂಪವ್ವನ ಕಿಟಕಿಯ ನಾಲ್ಕು ಕಬ್ಜಾ

ಹೆಸರು ಗಾದಿಲಿಂಗಪ್ಪ ತಂದೆ ದಿವಂಗತ ಹುಲುಗಪ್ಪ, ವಯಸ್ಸು 71. ಉದ್ಯೋಗ ಮೊದಲು ರೈಸ್ ಮಿಲ್ಲಿನಲ್ಲಿ ಬಾಯ್ಲರಿಗೆ ಹೊಟ್ಟು ಹಾಕುವುದು, ಈಗ ಮನೆಯಲ್ಲಿ ಇರುವುದು. ಓದು ನಾಲ್ಕನೇ ಇಯತ್ತೆ, ಅದೂ ಪೂರ್ತಿ ಆಗಿಲ್ಲ. ಸಾಕಿನ್ ಗಂಗಾವತಿ, ಮಿಲ್ಲುಗಳ ಹಿಂದಿನ ಓಣಿ.

ಸಾಹೇಬರೇ, ಬರೆಯುವುದು ನನ್ನ ಕೆಲಸವಲ್ಲ. ಠಾಣೆಯಲ್ಲಿ ಬರೆಯಲೆಂದೇ ಒಬ್ಬ ರೈಟರ್ ಇದ್ದಾನೆ, ಅವನಿಗೆ ಸರ್ಕಾರ ಸಂಬಳ ಕೊಡುತ್ತದೆ. ನಾನು ಬಾಯಿಂದ ಮೂರು ಸಲ ಹೇಳಿದೆ. ಕೊನೆಗೆ ಬರೆದುಕೊಡಿ ನೋಡೋಣ ಎಂದಿರಿ. ಈ ವಯಸ್ಸಿನವನನ್ನು ಬೆಂಚಿನ ಮೇಲೆ ಕೂಡಿಸಿ ಸಾಲಿ ಹುಡುಗನಿಂದ ಬರೆಸಿದ ಹಾಗೆ ಬರೆಸುತ್ತಿದ್ದೀರಿ. ರೈಟರ್ ತಾನು ಬರೆದುಕೊಳ್ಳುತ್ತೇನೆ ಎಂದ. ಬೇಡ ಎಂದವನು ನಾನೇ. ಅವನು ಬರೆದ ಒಂದು ಮಾತಿನಿಂದ ಒಬ್ಬ ಮನುಷ್ಯ ಜೈಲಿನಲ್ಲಿದ್ದಾನೆ. ಇನ್ನೊಂದು ಮಾತು ಬರೆದರೆ ನನ್ನನ್ನೂ ಅಲ್ಲಿಗೇ ಕಳಿಸಿಯಾನು. ನನ್ನ ಅಕ್ಷರ ತಪ್ಪಿದ್ದರೆ ತಿದ್ದಬೇಡಿರಿ. ತಿದ್ದುವುದಿದ್ದರೆ ನಿಮ್ಮ ಕಾಗದದಲ್ಲಿರುವ ಆ ಮಾತು ತಿದ್ದಿರಿ. ಆ ಮಾತು ಕಬ್ಜಾ. ಅದರ ಬಗ್ಗೆ ನಾನು ಹೇಳುವುದು ಇಷ್ಟು.

ನನ್ನ ಮನೆಗೂ ಮಿಲ್ಲಿಗೂ ನಡುವೆ ಒಂದು ಗೋಡೆ ಮಾತ್ರ. ಬಾಯ್ಲರಿನಲ್ಲಿ ಭತ್ತದ ಹೊಟ್ಟು ಸುಟ್ಟ ಬೂದಿ ಓಣಿಯ ಮೇಲೆ ಬೀಳುತ್ತದೆ. ಸುಗ್ಗಿ ಬಂದರೆ ಒಗೆದ ಧೋತರ ಒಣಗುವಷ್ಟರಲ್ಲಿ ಕಪ್ಪಾಗುತ್ತದೆ. ನನ್ನ ಹೆಂಡತಿ ಹಂಪವ್ವ, ವಯಸ್ಸು 66, ದಮ್ಮಿನ ರೋಗಿ. ಹಾಸಿಗೆ ಬಿಟ್ಟು ಏಳುವುದು ಕಡಿಮೆ. ಹೊಟ್ಟು ಹಾಕಿದವನು ನಾನು, ದಮ್ಮು ಬಂದದ್ದು ಅವಳಿಗೆ. ಅದನ್ನು ನೀವು ಕೇಳಿಲ್ಲ, ನಾನೂ ಬರೆಯುವುದಿಲ್ಲ.

2014ರಲ್ಲಿ ಹೊಸಪೇಟೆ ಕಡೆ ಒಂದು ಲಾಡ್ಜ್ ಒಡೆದಾಗ ಅದರ ಕಿಟಕಿಗಳು ಮಾರಾಟಕ್ಕೆ ಬಂದವು. ಒಂದು ಗಾಜಿನ ಬೆನ್ನಿಗೆ ಇನ್ನೊಂದು ಗಾಜು, ನಡುವೆ ಬೆರಳು ದಪ್ಪದ ಸಂದು, ಸುತ್ತ ರಬ್ಬರ್. ಮುಚ್ಚಿದರೆ ಮಿಲ್ಲಿನ ಸಪ್ಪಳವೂ ಬರುವುದಿಲ್ಲ, ಬೂದಿಯೂ ಬರುವುದಿಲ್ಲ. ಎರಡು ಪಲ್ಲಾದ ಅಂಥ ಒಂದು ಕಿಟಕಿ ತಂದು ಹಂಪವ್ವನ ಕೋಣೆಗೆ ಹಾಕಿಸಿದೆ. ಪಲ್ಲಾ ಎಂದರೆ ತೆರೆದು ಮುಚ್ಚುವ ಬಾಗಿಲು, ಅದನ್ನೂ ತಪ್ಪು ತಿಳಿಯಬೇಡಿರಿ. ಹಾಕಿಕೊಟ್ಟವನು ಕಾಸೀಮಸಾಬ, ನನ್ನ ಜೊತೆ ಮಿಲ್ಲಿನಲ್ಲಿ ಬಡಿಗನಾಗಿದ್ದ, ಈಗ ಇಲ್ಲ. ಮೊದಲ ಸಲ ಕಿಟಕಿ ಮುಚ್ಚಿದಾಗ ಹಂಪವ್ವ, ‘ಊರು ಸತ್ತೈತೇನ್ರಿ, ಏನೂ ಕೇಳವಲ್ದು’ ಎಂದಳು. ಆಮೇಲೆ ಮಲಗಿದವಳು ಮರುದಿನ ಹಾಲಿನವನು ಕೂಗಿದರೂ ಏಳಲಿಲ್ಲ.

ಎರಡು ಗಾಜು ಎಂದರೆ ಎರಡು ಪಟ್ಟು ಭಾರ. ಐದು ವರ್ಷದಲ್ಲಿ ಮೇಲಿನ ಕಬ್ಜಾ ಎಳೆದು ಬಾಗಿದವು. ಸ್ಕ್ರೂ ಕಟ್ಟಿಗೆ ಬಿಟ್ಟು ಸಡಿಲಾದವು. ಪಲ್ಲಾ ಕೆಳಗೆ ಕುಸಿದು ಮೇಲೆ ಒಂದು ಬೆರಳು ಸಂದಾಯಿತು. ಆ ಸಂದಿನಿಂದ ಬೂದಿ ನೆಟ್ಟಗೆ ಹಂಪವ್ವನ ದಿಂಬಿನ ಮೇಲೆ. ಪಲ್ಲಾವನ್ನು ಚೌಕಟ್ಟಿಗೆ ಹಿಡಿದು ತಿರುಗಿಸುವ ಕಬ್ಬಿಣಕ್ಕೆ ನಮ್ಮ ಕಡೆ ಕಬ್ಜಾ ಎನ್ನುತ್ತಾರೆ. ಬಡಿಗರು ಅನ್ನುತ್ತಾರೆ, ಅಂಗಡಿಯವರು ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಇನ್ನೊಬ್ಬರ ಹೊಲ ಮನೆ ಹಿಡಿದು ಕೂಡುವುದಕ್ಕೂ ಕಬ್ಜಾ ಎನ್ನುತ್ತಾರೆ, ಅದೂ ಖರೆ. ಎರಡೂ ಬೇರೆ ಎಂದು ಇಲ್ಲಿ ಎಮ್ಮೆ ಕಾಯುವವನಿಗೂ ಗೊತ್ತು.

ಯಂಕೇಶ ನನ್ನ ಒಬ್ಬನೇ ಮಗ, ವಯಸ್ಸು 38. ಬಸ್ ನಿಲ್ದಾಣದ ಕಡೆ ಬಾಗಿಲು ಕಿಟಕಿ ಸಾಮಾನಿನ ಅಂಗಡಿ ಇಟ್ಟಿದ್ದಾನೆ, ಬೇರೆ ಮನೆಯಲ್ಲಿದ್ದಾನೆ. ನನ್ನ ಮನೆ ಕೆಡವಿ ಗೋದಾಮು ಕಟ್ಟಬೇಕು, ನಮ್ಮಿಬ್ಬರನ್ನು ಅವನ ಹಿತ್ತಲಿನ ಖೋಲಿಯಲ್ಲಿ ಇಡಬೇಕು ಎಂಬುದು ಅವನ ಯೋಚನೆ. ನಾನು ಒಪ್ಪಿಲ್ಲ. ಅವ್ವನ ಕಿಟಕಿಗೆ ಹೊಸ ಕಬ್ಜಾ ಹಾಕಿಸು ಎಂದು ದಸರೆಯಿಂದ ಹೇಳುತ್ತ ಬಂದೆ. ಕೆಡವುವ ಮನೆಗೆ ಯಾಕೆ ಹೊಸ ಸಾಮಾನು ಎಂದು ಒಂದು ಸಲ ಕೇಳಿದ. ಉಳಿದ ಸಲ ನಾಳೆ ಎಂದ.

ನವೆಂಬರಿನಲ್ಲಿ ಒಂದು ದಿನ ನಾನು ಅವನ ಅಂಗಡಿಯ ಮುಂದೆ ಹೋಗಿ ಗಿರಾಕಿಗಳ ಎದುರಿಗೇ, ‘ಲೇ ಯಂಕ್ಯಾ, ಊರ ಮಂದಿಗೆಲ್ಲಾ ಕಬ್ಜಾ ಮಾರ್ತೀ, ಹಡದಾಕಿ ಕಿಡಕಿಗೆ ಹಾಕಾಕ ನಿನ್ನ ಕೈ ಬಿದ್ದು ಹೋಗ್ಯಾವೇನು? ಆ ಕಿಡಕಿ ಯಾಂವ ರಿಪೇರಿ ಮಾಡ್ತಾನೋ ಅವಗ ಮನಿ ಬರದು ಕೊಡ್ತೀನಿ ನೋಡ’ ಎಂದು ಹೇಳಿದ್ದು ಖರೆ. ಯಂಕೇಶ ತನ್ನ ದೂರಿನಲ್ಲಿ ಅದನ್ನು ಬರೆದಿದ್ದಾನೆ. ಅವನ ದೂರಿನಲ್ಲಿ ಸುಳ್ಳಲ್ಲದ ಸಾಲು ಅದೊಂದೇ. ಸಿಟ್ಟು ಬಂದರೆ ನಾನು ಬಾಯಿಗೆ ಬಂದದ್ದು ಅನ್ನುತ್ತೇನೆ, ಓಣಿಯವರೆಲ್ಲ ಬಲ್ಲರು. ಯಾರೂ ಅದನ್ನು ಹಿಡಿದುಕೊಂಡು ಠಾಣೆಗೆ ಬಂದಿರಲಿಲ್ಲ.

ದಿನಾಂಕ 9-12-2019 ಸೋಮವಾರ ಬೆಳಿಗ್ಗೆ ಸುಮಾರು ಒಂಬತ್ತೂವರೆಗೆ ಯೂಸುಫ ಮನೆಗೆ ಬಂದ. ಇವನು ಕಾಸೀಮಸಾಬನ ಮಗ, ವಯಸ್ಸು 33, ಅಪ್ಪನ ಕೆಲಸವನ್ನೇ ಮಾಡುತ್ತಾನೆ. ನಾನೇ ಕರೆಸಿದ್ದೆ. ಕಿಟಕಿ ನೋಡಿ, ‘ಕಾಕಾ, ಇವು ಒಂದ ಗಾಜಿನ ಕಿಡಕಿಗೆ ಹಾಕೋ ಕಬ್ಜಾ ರೀ, ಇಷ್ಟು ದಿನ ತಡದದ್ದ ದೊಡ್ಡದು. ದಪ್ಪನವು ಬೇಕು’ ಎಂದ. ತರಿಸು ಎಂದೆ. ಅಂಥವು ಯಂಕೇಶಣ್ಣನ ಅಂಗಡಿ ಬಿಟ್ಟರೆ ಎಲ್ಲಿಯೂ ಸಿಗುವುದಿಲ್ಲ ಎಂದ. ಅವನ ಗಾಡಿಯ ಮೇಲೆ ಇಬ್ಬರೂ ಹೋದೆವು. ನಾನು ಗಾಡಿಯಿಂದ ಇಳಿಯಲಿಲ್ಲ. ಅಂಗಡಿಯ ಕಟ್ಟೆಗೂ ನನಗೂ ಹತ್ತು ಅಡಿ. ನನಗೆ ಮಂಡಿ ನೋವಿದೆ, ಕಿವಿ ಚೆನ್ನಾಗಿವೆ.

ಯಂಕೇಶ, ‘ಬಾರಪಾ ಯೂಸುಫ, ಏನು ಬೇಕು?’ ಎಂದ.

‘ಎರಡು ಜೋಡಿ ಕಬ್ಜಾ ಕೊಡ್ರಿ ಅಣ್ಣಾ, ಭಾರ ತಡಿಯೋವಂಥಾವು.’

‘ಎಷ್ಟು ಇಂಚಿನವು?’

‘ನಾಕು ಇಂಚು.’

‘ಯಾರ ಮನಿಗೆ?’

‘ನಿಮ್ಮ ಅವ್ವಾರ ಕಿಡಕಿಗೇರಿ.’

ಆಗ ಯಂಕೇಶ ತಲೆ ಎತ್ತಿ ಹೊರಗೆ ನೋಡಿದ. ನನ್ನನ್ನು ಕಂಡ. ಡಬ್ಬಿಯಿಂದ ನಾಲ್ಕು ಕಬ್ಜಾ ತೆಗೆದು ಒಂದೊಂದನ್ನೇ ತೆರೆದು ಮುಚ್ಚಿ ನೋಡಿ ಕಾಗದದಲ್ಲಿ ಸುತ್ತಿದ. ಅವನ ಕೈಯಿಂದಲೇ ಸುತ್ತಿದ, ಆಳಿನ ಕೈಯಿಂದಲ್ಲ. ಕೊಡುವಾಗ, ‘ಅಂತೂ ನಮ್ಮ ಮನಿ ಕಬ್ಜಾಕ್ಕ ಹೊಂಟಿ ಅನ್ನು’ ಎಂದು ನಕ್ಕ. ಯೂಸುಫನೂ ನಕ್ಕ. ಅವನು ಅದನ್ನು ಚೇಷ್ಟೆ ಎಂದುಕೊಂಡ.

ಹನ್ನೊಂದು ಗಂಟೆಗೆ ಕೆಲಸ ಹಿಡಿದೆವು. ಹಂಪವ್ವನನ್ನು ಹೊರಗೆ ಕೂಡಿಸಿದರೆ ಬೂದಿ, ಅದಕ್ಕೆ ಅವಳ ಮಂಚವನ್ನು ಎದುರು ಗೋಡೆಗೆ ಸರಿಸಿ ಮುಖಕ್ಕೆ ಒದ್ದೆ ಬಟ್ಟೆ ಹಾಕಿದೆ. ಯೂಸುಫ ಮೊದಲು ಎಡಗಡೆಯ ಪಲ್ಲಾ ಇಳಿಸಿದ. ಹಳೆಯ ಸ್ಕ್ರೂ ತೂತುಗಳಿಗೆ ಅಂಟು ಹಚ್ಚಿ ಕಟ್ಟಿಗೆಯ ಗೂಟ ಬಡಿದು, ಅದರ ಮೇಲೆ ಹೊಸ ಕಬ್ಜಾ ಕೂಡಿಸಿ ಪಲ್ಲಾ ಏರಿಸಿದ. ಮುಚ್ಚಿದಾಗ ಟಪ್ ಎಂದು ಬಂತು. ಒಂದು ಕೂದಲು ಹೋಗುವಷ್ಟು ಸಂದು ಉಳಿಯಲಿಲ್ಲ. ಹಂಪವ್ವ ಬಟ್ಟೆಯ ಒಳಗಿನಿಂದಲೇ, ‘ಕೂಡ್ತು’ ಎಂದಳು. ಯೂಸುಫ, ‘ತಡೀರಿ ಕಾಕಿ, ಇನ್ನೊಂದು ಕೂಡ್ಲಿ. ಮಿಲ್ ಬಂದ್ ಆತೇನು ಅಂತೀರಿ’ ಎಂದ.

ಸುಮಾರು ಮುಕ್ಕಾಲು ಗಂಟೆ ಕಳೆದ ಮೇಲೆ ಬಲಗಡೆಯ ಪಲ್ಲಾ ಇಳಿಸಿದೆವು. ಅದು ಒಂದು ಸಿಮೆಂಟ್ ಚೀಲಕ್ಕಿಂತ ಸ್ವಲ್ಪ ಕಡಿಮೆ ಭಾರ. ಯೂಸುಫ ಅದನ್ನು ಮಂಚದ ಕಾಲ ಕಡೆ ನೆಟ್ಟಗೆ ನಿಲ್ಲಿಸಿ, ಹಿಡಿದುಕೊಳ್ಳಲು ನನಗೆ ಹೇಳಿದ. ನಾನು ಎರಡೂ ಕೈಯಿಂದ ಹಿಡಿದು ನಿಂತೆ. ಆಗ ಯಂಕೇಶ ಅಂಗಡಿಯ ಇಬ್ಬರು ಆಳುಗಳ ಜೊತೆ ಒಳಗೆ ಬಂದ. ಚಪ್ಪಲಿ ಬಿಡಲಿಲ್ಲ.

ಅವನು, ‘ಯಾರ ಮನಿ ಕಬ್ಜಾ ಹಾಕಾಕತ್ತೀಲೇ?’ ಎಂದ.

ಯೂಸುಫ ಬೆಳಗಿನ ಚೇಷ್ಟೆಯೇ ಮುಂದುವರಿದಿದೆ ಎಂದು ತಿಳಿದು ನಗುತ್ತ, ‘ನಿಮ್ಮದ ಅಣ್ಣಾ. ಎರಡು ಆದವು, ಇನ್ನ ಎರಡು ಅದಾವು’ ಎಂದ.

ಯಂಕೇಶ ಅವನ ಕೆನ್ನೆಗೆ ಹೊಡೆದ. ಆಳುಗಳು ಹಿಂದಿನಿಂದ ಹಿಡಿದುಕೊಂಡರು. ಯಂಕೇಶ ಅವನ ಬಲಗೈ ಎಳೆದು, ಎಡಗಡೆಯ ಪಲ್ಲಾ ತೆರೆದು, ಕಬ್ಜಾ ಇರುವ ಬದಿಯ ಸಂದಿನಲ್ಲಿ ಬೆರಳು ಇಟ್ಟು ಪಲ್ಲಾ ದೂಡಿದ. ‘ಕಬ್ಜಾ ಬೇಕಾ? ತಗೋ ಕಬ್ಜಾ’ ಎಂದ. ಎರಡು ಸಲ ದೂಡಿದ. ಹಳೆಯ ಕಬ್ಜಾ ಆಗಿದ್ದರೆ ಒಂದು ಬೆರಳು ಸಂದು ಉಳಿಯುತ್ತಿತ್ತು. ಯೂಸುಫ ಛಲೋ ಕೆಲಸ ಮಾಡಿದ್ದ, ಸಂದು ಉಳಿದಿರಲಿಲ್ಲ. ಮೂರು ಬೆರಳಿನ ಎಲುಬು ಮುರಿದವು.

ಆಗ ನೀನು ಏನು ಮಾಡುತ್ತಿದ್ದೆ ಎಂದು ನೀವು ಕೇಳಿದ್ದೀರಿ. ನಾನು ಪಲ್ಲಾ ಹಿಡಿದುಕೊಂಡು ನಿಂತಿದ್ದೆ. ಬಿಟ್ಟರೆ ಅದು ಹಂಪವ್ವನ ಕಾಲ ಮೇಲೆ ಬೀಳುತ್ತಿತ್ತು. ಅದು ಯಂಕೇಶನಿಗೂ ಕಾಣುತ್ತಿತ್ತು. ನಾನು ಬಾಯಿಂದ ಎಲ್ಲಾ ಬೈಗುಳ ಬೈದೆ, ಪಲ್ಲಾ ಬಿಡಲಿಲ್ಲ. ಕೋಣೆ ಸಣ್ಣದು, ಹಂಪವ್ವ ಎದ್ದು ಕೂತು ಕೈ ಚಾಚಿ ಯಂಕೇಶನ ಅಂಗಿ ಹಿಡಿದು, ‘ಅವ ಕಾಸೀಮನ ಮಗ ಅದಾನಲೋ, ಬಿಡೋ’ ಎಂದಳು. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಉಸಿರು ಇರಲಿಲ್ಲ. ಯಂಕೇಶ ಅಂಗಿಯಿಂದ ಅವಳ ಬೆರಳು ಒಂದೊಂದೇ ಬಿಡಿಸಿ, ಆ ಕೈಯನ್ನು ಹಾಸಿಗೆಯ ಮೇಲೆ ಇಟ್ಟು, ‘ನೀ ಸುಮ್ಕ ಮಲಕ್ಕೊಬೇ, ದಮ್ಮು ಏರತೈತಿ’ ಎಂದ. ಮೆಲ್ಲಗೇ ಹೇಳಿದ. ಆಮೇಲೆ ಅಂಗಳಕ್ಕೆ ಹೋಗಿ ಠಾಣೆಗೆ ಫೋನ್ ಮಾಡಿ, ಮನೆ ಕಬ್ಜಾ ಮಾಡಲು ಬಂದಿದ್ದಾರೆ, ಕೈಯಲ್ಲಿ ಆಯುಧ ಇದೆ ಎಂದು ಹೇಳಿದ. ಆಯುಧ ಎಂದರೆ ಸ್ಕ್ರೂ ಡ್ರೈವರ್.

ನೀವೂ ಪೇದೆ ಗವಿಸಿದ್ದಪ್ಪನೂ ಜೀಪಿನಲ್ಲಿ ಬಂದಿರಿ. ಯೂಸುಫ ಗೋಡೆಗೆ ಒರಗಿ ಕೂತಿದ್ದ, ಕೈಗೆ ಹಂಪವ್ವನ ಒದ್ದೆ ಬಟ್ಟೆ ಸುತ್ತಿತ್ತು. ನೀವು ನಿಂತುಕೊಂಡೇ ಕೇಳಿದಿರಿ. ನಾನು ಪಕ್ಕದಲ್ಲಿ ಇದ್ದೆ.

‘ಯಾಕಯ್ಯ ಬಂದಿದ್ದೆ ಇಲ್ಲಿಗೆ?’

‘ಕಬ್ಜಾ ಸಲುವಾಗಿ ಬಂದಿದ್ದೆ ಸಾಹೇಬ್ರ.’

‘ಯಾವ ಕಡೆಯಿಂದ?’

‘ಕಿಡಕೀದು ರೀ.’

‘ಎಷ್ಟು ಮಾಡಿದೀಯ?’

‘ಎರಡು ಆಗ್ಯಾವ್ರಿ. ಎರಡು ಉಳದಾವ್ರಿ.’

‘ಇದೇ ಮೊದಲ್ನೇ ಸಲಾನೋ, ಮುಂಚೇನೂ ಮಾಡಿದೀಯೋ?’

‘ಹದಿನೈದು ವರ್ಷ ಆತ್ರಿ. ಶ್ರೀರಾಮನಗರದಾಗ, ಕನಕಗಿರಿಯಾಗ, ಎಲ್ಲಾ ಕಡೆ ಹಾಕೀನ್ರಿ. ಯಾರ ಕಡೆಯಿಂದೂ ಒಂದು ಮಾತು ಬಂದಿಲ್ರಿ.’

ಅವನು ತನ್ನ ಕೆಲಸದ ಹೆಸರು ಹೇಳಿದ. ನೀವು ಅದನ್ನು ಕಿಟಕಿಯ ಮೂಲಕ ಒಳನುಗ್ಗಿ ಮನೆ ಕಬ್ಜಾ ಮಾಡಲು ಬಂದಿದ್ದು, ಹದಿನೈದು ವರ್ಷಗಳಿಂದ ಹಲವು ಊರುಗಳಲ್ಲಿ ಇದೇ ಕೃತ್ಯ ಎಸಗಿದ್ದಾಗಿ ಒಪ್ಪಿಕೊಂಡಿದ್ದಾನೆ ಎಂದು ಬರೆಸಿದಿರಿ. ನಾನು ನಡುವೆ ಬಾಯಿ ಹಾಕಿ, ‘ಸಾಹೇಬ್ರ, ಅದು ಆ ಕಬ್ಜಾ ಅಲ್ರಿ’ ಎಂದೆ. ನೀವು, ‘ಅಜ್ಜಾ, ಎಷ್ಟು ಕಬ್ಜ ಇದಾವೆ ನಿಮ್ಮೂರಲ್ಲಿ? ಸುಮ್ನಿರಿ’ ಎಂದಿರಿ. ನಿಮ್ಮ ಊರು ಮಂಡ್ಯದ ಕಡೆ ಎಂದು ಆಮೇಲೆ ಗೊತ್ತಾಯಿತು. ಗವಿಸಿದ್ದಪ್ಪನ ಊರು ಯಲಬುರ್ಗಾ ತಾಲೂಕು. ಅವನಿಗೆ ಮೊದಲ ಮಾತಿಗೇ ತಿಳಿಯಿತು. ಅವನು ‘ಸರ್’ ಎಂದು ಬಾಯಿ ತೆರೆದ. ಯಂಕೇಶ ಅವನ ಕಡೆ ನೋಡಿದ. ಪೇದೆ ಬಾಯಿ ಮುಚ್ಚಿಕೊಂಡ. ಗವಿಸಿದ್ದಪ್ಪ ಈಗ ಹೊಸ ಮನೆ ಕಟ್ಟಿಸುತ್ತಿದ್ದಾನೆ, ಅದರ ಬಾಗಿಲು ಕಿಟಕಿಯ ಸಾಮಾನು ಯಾವ ಅಂಗಡಿಯಿಂದ ಹೋಗುತ್ತಿದೆ ಎಂದು ನೀವೇ ಕೇಳಿರಿ.

ಯೂಸುಫನನ್ನು ಜೀಪಿಗೆ ಹತ್ತಿಸಿದಿರಿ. ನಾನು ಹಿಡಿದಿದ್ದ ಪಲ್ಲಾವನ್ನೂ ಮುದ್ದೆಮಾಲು ಎಂದು ಒಯ್ದಿರಿ. ಹಾಕದೆ ಉಳಿದ ಎರಡು ಕಬ್ಜಾವನ್ನೂ ಒಯ್ದಿರಿ. ಕಬ್ಜಾ ಜಪ್ತಿ ಮಾಡಿದ ಮೇಲೂ ಕಬ್ಜಾ ಎಂದರೆ ಏನು ಎಂದು ನಿಮಗೆ ತಿಳಿಯಲಿಲ್ಲ. ಕಿಟಕಿಯ ಅರ್ಧ ಬಾಯಿ ತೆರೆದೇ ಉಳಿಯಿತು. ಅಲ್ಲಿ ಬೇರೆ ಏನನ್ನೂ ಜಡಿಯಬಾರದು, ಪಂಚನಾಮೆ ಮುಗಿದಿಲ್ಲ ಎಂದಿರಿ. ನಾನು ಲಾರಿ ಮುಚ್ಚುವ ತಾಡಪತ್ರಿ ಇಳಿಬಿಟ್ಟಿದ್ದೇನೆ. ಗಾಳಿ ಬಂದರೆ ಅದು ಎದ್ದು ಬೀಳುತ್ತದೆ, ಬೂದಿ ಒಳಗೆ ಬರುತ್ತದೆ. ಹಂಪವ್ವ ಮುಖದ ಮೇಲೆ ಹಾಕಿಕೊಂಡ ಬಟ್ಟೆ ಬೆಳಿಗ್ಗೆ ತೊಳೆದರೆ ನೀರು ಕಪ್ಪಗೆ ಇಳಿಯುತ್ತದೆ. ದವಾಖಾನೆಗೆ ಬಾ ಎಂದರೆ ಬರುವುದಿಲ್ಲ. ತಾನು ಹೊರಗೆ ಹೋದರೆ ಯಂಕೇಶ ಮನೆಗೆ ಬೀಗ ಹಾಕುತ್ತಾನೆ ಎನ್ನುತ್ತಾಳೆ. ಹಡೆದ ತಾಯಿ ಅವಳು, ಅವನು ಎಂಥವನು ಎಂದು ನನಗಿಂತ ಮೊದಲು ಅವಳಿಗೆ ಗೊತ್ತಿರಬೇಕು.

ಮಂಗಳವಾರ ಠಾಣೆಗೆ ಬಂದು ಹೇಳಿದೆ. ನಿಮ್ಮ ಮಗನೇ ದೂರು ಕೊಟ್ಟಿದ್ದಾನೆ, ಅಪ್ಪ ಮಗ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ ಎಂದಿರಿ. ಬುಧವಾರ ಬಂದೆ. ಯೂಸುಫನನ್ನು ಜೈಲಿಗೆ ಕಳಿಸಿದ್ದಾಗಿದೆ ಎಂದಿರಿ. ಅವನ ತಾಯಿ ಶಾಹಜಾದಬಿ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದಳು. ನನ್ನನ್ನು ನೋಡಿ ಎದ್ದು, ‘ಅಣ್ಣಾ, ನಿನ್ನ ಕಿಡಕಿ ಕೂಡ್ತ?’ ಎಂದು ಕೇಳಿದಳು. ಅಳಲಿಲ್ಲ, ಬೈಯಲಿಲ್ಲ, ಅಷ್ಟೇ ಕೇಳಿದಳು. ನನಗೆ ಈ ಊರಿನಲ್ಲಿ ಯಾರೂ ತಿರುಗಿ ಮಾತಾಡಿದವರಿಲ್ಲ. ಆ ಒಂದು ಪ್ರಶ್ನೆ ಹೊತ್ತು ಮನೆಗೆ ಬಂದು ಹಳೆಯ ಕಬ್ಜಾ ಹುಡುಕಿದೆ.

ಶುಕ್ರವಾರ, ಎಡಗಡೆಯ ಪಲ್ಲಾದಿಂದ ತೆಗೆದ ಹಳೆಯ ಕಬ್ಜಾ ಒಂದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಬಂದು ನಿಮ್ಮ ಮೇಜಿನ ಮೇಲೆ ಇಟ್ಟೆ. ನೀವು ಅದನ್ನು ತೆರೆದಿರಿ, ಮುಚ್ಚಿದಿರಿ, ‘ಓ, ಹಿಂಜಸ್ಸಾ!’ ಎಂದು ನಕ್ಕಿರಿ. ಗವಿಸಿದ್ದಪ್ಪನನ್ನು ಕರೆದು, ಇದಕ್ಕೆ ನಿಮ್ಮ ಕಡೆ ಏನಂತಾರೆ ಎಂದು ಕೇಳಿದಿರಿ. ಅವನು, ‘ಹಿಂಜಸ್ ಅಂತಾರ್ರಿ ಸರ್’ ಎಂದ. ನಾನು, ‘ಗವಿಸಿದ್ದಪ್ಪ, ನಿಮ್ಮ ಅಪ್ಪ ಏನಂತಿದ್ದ?’ ಎಂದು ಕೇಳಿದೆ. ಅವನು ನೆಲ ನೋಡುತ್ತ, ‘ಯಜಮಾನ್ರ, ನಂದಿನ್ನೂ ಹನ್ನೊಂದು ವರ್ಷ ಸರ್ವಿಸ್ ಐತ್ರಿ’ ಎಂದ. ನೀವು ಕಬ್ಜಾ ನನಗೆ ತಿರುಗಿ ಕೊಟ್ಟು, ‘ಅಜ್ಜಾ, ಕೇಸ್ ಆಗೋಗಿದೆ. ಬರೆದಿದ್ದನ್ನ ಅಳಿಸೋಕೆ ಬರಲ್ಲ. ಬರ್ಕೊಡಿ, ನೋಡೋಣ’ ಎಂದಿರಿ. ಅಂದರೆ ಶುಕ್ರವಾರದಿಂದ ನಿಮಗೂ ಗೊತ್ತು. ನಿಮಗೆ ಗೊತ್ತಿದ್ದೂ ಯೂಸುಫ ಮುರಿದ ಕೈ ಇಟ್ಟುಕೊಂಡು ಒಳಗಿದ್ದಾನೆ.

ಯಂಕೇಶ ನನ್ನ ಮಗ ಎಂಬುದಕ್ಕೆ ಒಂದು ಅಕ್ಷರವನ್ನೂ ಮೆತ್ತಗೆ ಮಾಡಿಲ್ಲ. ಅವನಿಗೆ ಆ ಮಾತು ತಪ್ಪಾಗಿ ಕೇಳಿಸಿಲ್ಲ. ಆ ಕಬ್ಜಾ ಕಾಗದದಲ್ಲಿ ಸುತ್ತಿದವನೇ ಅವನು. ಅವನ ಮೇಲೆ ಕೇಸು ಹಾಕಿರಿ. ನಾನು ಕೋರ್ಟಿಗೂ ಬಂದು ಇದನ್ನೇ ಹೇಳುತ್ತೇನೆ.

ಇಲ್ಲಿ ಬರೆದದ್ದು ನಾನು ಕಣ್ಣಿನಿಂದ ಕಂಡದ್ದು, ಕಿವಿಯಿಂದ ಕೇಳಿದ್ದು. ಯಾರೂ ಹೇಳಿಕೊಟ್ಟಿಲ್ಲ. ನನಗೆ ಓದಿ ಹೇಳುವ ಅಗತ್ಯವಿಲ್ಲ, ಬರೆದವನು ನಾನೇ.

ನಿಮ್ಮ ಕಾಗದದಲ್ಲಿರುವ ಕಬ್ಜಾ ಕಿಟಕಿಯದೋ ಮನೆಯದೋ ಎಂದು ಬುಧವಾರ ದಿನಾಂಕ 18-12-2019ರ ಸಂಜೆ ಐದು ಗಂಟೆಯೊಳಗೆ ನನಗೆ ಬರೆದು ತಿಳಿಸಿರಿ. ನೋಡೋಣ ಎಂಬುದು ಉತ್ತರವಲ್ಲ. ಕಿಟಕಿಯದು ಎಂದರೆ ಯೂಸುಫನನ್ನು ಬಿಡಿಸಿರಿ, ಪಲ್ಲಾ ತಿರುಗಿ ಕೊಡಿರಿ. ಉತ್ತರ ಬರದಿದ್ದರೆ ಮನೆಯದು ಎಂದು ತಿಳಿಯುತ್ತೇನೆ. ಗುರುವಾರ ಬೆಳಿಗ್ಗೆ ರಜಿಸ್ಟ್ರಿ ಕಚೇರಿಗೆ ಹೋಗಿ ಮನೆಯನ್ನು ಯೂಸುಫ ತಂದೆ ಕಾಸೀಮಸಾಬ ಹೆಸರಿಗೆ ಬರೆದುಕೊಡುತ್ತೇನೆ. ಮನೆ ನನ್ನ ದುಡಿಮೆಯದು, ನನ್ನ ಹೆಸರಿನಲ್ಲಿದೆ. ಹಂಪವ್ವನನ್ನು ಕೇಳಿದ್ದೇನೆ. ಮಾತಾಡಲು ಉಸಿರು ಸಾಲದೆ ಅವಳು ಕೈ ಎತ್ತಿ ತಾಡಪತ್ರಿ ತೋರಿಸಿದಳು, ಆಮೇಲೆ ತಲೆ ಆಡಿಸಿದಳು. ಆಗ ನೀವು ಬರೆದದ್ದು ಖರೆಯಾಗುತ್ತದೆ, ತಿದ್ದುವ ಕೆಲಸ ಉಳಿಯುವುದಿಲ್ಲ. ಮಾಲೀಕನೇ ಕೊಟ್ಟ ಕಬ್ಜಾ ಗುನ್ಹೆ ಹೇಗೆ ಎಂದು ಯಂಕೇಶನಿಗೆ ನೀವೇ ತಿಳಿಸಿ ಹೇಳಿರಿ.

18ನೇ ತಾರೀಖು, ಐದು ಗಂಟೆ. ಯಾವ ಕಬ್ಜಾ?

ಸ್ಥಳ: ಗಂಗಾವತಿ, ಠಾಣೆಯ ಹೊರಗಿನ ಬೆಂಚು
ದಿನಾಂಕ: 14-12-2019
ಸಹಿ: ಗಾದಿಲಿಂಗಪ್ಪ (ಹೆಬ್ಬೆಟ್ಟು ಅಲ್ಲ, ಸಹಿ)